ಒಂದು ಇಂಚಿನ ಸಿಪಾಯಿಗಳು, ನಂದಿದುರ್ಗದ ಮುತ್ತಿಗೆ

ಸಿಪಾಯಿಯ ಎತ್ತರ 28 ಮಿಲಿಮೀಟರ್. ಅಷ್ಟರಲ್ಲೇ ಅವನ ಕಾಲರಿಗೆ ಒಂದು ಬಣ್ಣ, ಕೋಟಿಗೆ ಇನ್ನೊಂದು, ಎದೆಯ ಮೇಲೆ ಹಾಯ್ದ ಬಿಳಿ ಪಟ್ಟಿಗಳು, ಕೈಯಲ್ಲಿ ಬಂದೂಕು, ಬೆನ್ನಿಗೆ ಚೀಲ. ಇಂಥವರು ಇಪ್ಪತ್ತು ಮೂವತ್ತು ಮಂದಿ ಸೇರಿದರೆ ಮೇಜಿನ ಮೇಲೆ ಒಂದು ಪಟಾಲಂ. ನೆಪೋಲಿಯನ್ ಕಾಲದ ಕದನಗಳನ್ನು ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಮತ್ತೆ ಆಡುವ ಹವ್ಯಾಸಿಗಳು ಯುರೋಪು, ಅಮೆರಿಕಗಳಲ್ಲಿ ಬಹಳ ಮಂದಿ. ಆಟಕ್ಕಿಂತ ಹೆಚ್ಚು ಹೊತ್ತು ಅವರು ಕಳೆಯುವುದು ಬಣ್ಣ ಬಳಿಯುವುದರಲ್ಲಿ.

ಇದರ ಬೇರು ಪ್ರಷ್ಯಾದ ಸೇನೆಯಲ್ಲಿದೆ. 1824ರಲ್ಲಿ ರೈಸ್‌ವಿಟ್ಜ್ ಎಂಬ ಅಧಿಕಾರಿ ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ತಿದ್ದಿ, ಸೇನಾಧಿಕಾರಿಗಳ ತರಬೇತಿಗೆ ಒಪ್ಪಿಸಿದ. ಅದನ್ನು ಮನೆಯ ನೆಲಕ್ಕೆ ಇಳಿಸಿದವರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಮುಖ್ಯ, ಅವರ ‘ಲಿಟಲ್ ವಾರ್ಸ್’ ಬಂದದ್ದು 1913ರಲ್ಲಿ. ಇವರಿಬ್ಬರ ನಡುವೆ ವಿಲಿಯಂ ಸೈಬೋರ್ನ್ ಬರುತ್ತಾನೆ. ನೆಪೋಲಿಯನ್ ಸೋತ ವಾಟರ್‌ಲೂ ಬಯಲಿನಲ್ಲೇ ತಿಂಗಳುಗಟ್ಟಲೆ ನೆಲೆಸಿ ನೆಲದ ಏರುತಗ್ಗು ಅಳೆದು, ಬದುಕುಳಿದ ಅಧಿಕಾರಿಗಳಿಗೆ ಪತ್ರ ಬರೆದು ಕೇಳಿ, 70,000ಕ್ಕೂ ಹೆಚ್ಚು ಪುಟಾಣಿ ಲೋಹದ ಸೈನಿಕರನ್ನು ನಿಲ್ಲಿಸಿ ಆ ಕದನದ ಮಾದರಿ ಮಾಡಿದ. 1838ರಲ್ಲಿ ಲಂಡನ್ನಿನಲ್ಲಿ ಅದರ ಪ್ರದರ್ಶನ ನಡೆಯಿತು. ಈಗ ಅಲ್ಲಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಗೆದ್ದ ಸೇನಾಪತಿ ವೆಲಿಂಗ್ಟನ್‌ಗೆ ಮಾತ್ರ ಅದು ಹಿಡಿಸಲಿಲ್ಲ. ಮಿತ್ರಪಡೆಯಾಗಿದ್ದ ಪ್ರಷ್ಯನ್ನರಿಗೆ ಮಾದರಿಯಲ್ಲಿ ಹೆಚ್ಚು ಜಾಗ ಸಿಕ್ಕಿತೆಂಬುದು ಅವನ ಅಸಮಾಧಾನ. ಯಾರನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದೇ ಇತಿಹಾಸದ ಬಗ್ಗೆ ಒಂದು ಹೇಳಿಕೆ. ಈ ಹವ್ಯಾಸವನ್ನು ಮಕ್ಕಳಾಟ ಎನ್ನುವವರಿಗೆ ನನ್ನ ಉತ್ತರ ಇದೇ.

ಇದೆಲ್ಲ ಪರದೇಶದ ಮಾತು ಅನ್ನಿಸಬಹುದು. ಆದರೆ ವೆಲಿಂಗ್ಟನ್ ಆಗುವ ಮುಂಚೆ ಆರ್ಥರ್ ವೆಲ್ಲೆಸ್ಲಿಯಾಗಿ ಅವನು ಯುದ್ಧ ಕಲಿತದ್ದು ನಮ್ಮ ಮಣ್ಣಿನಲ್ಲಿ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ಅವನ ದಾಳಿ ಮುಗ್ಗರಿಸಿತ್ತು. ಅವನು ನಡೆಸುತ್ತಿದ್ದ 33ನೇ ರೆಜಿಮೆಂಟು 1815ರಲ್ಲಿ ವಾಟರ್‌ಲೂನಲ್ಲೂ ಇತ್ತು. ಅದೇ 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಇಂಗ್ಲೆಂಡಿನ ಕಾಂಗ್ರೀವ್‌ಗೆ ಮಾದರಿಯಾದವು; ಅವನು ಮಾಡಿದ ರಾಕೆಟ್ಟುಗಳು 1813ರಲ್ಲಿ ಲೈಪ್‌ಜಿಗ್‌ನಲ್ಲೂ ಮುಂದೆ ವಾಟರ್‌ಲೂನಲ್ಲೂ ಹಾರಿದವು. ಲಂಡನ್ನಿನ ಹವ್ಯಾಸಿ ತನ್ನ ರಾಕೆಟ್ ದಳಕ್ಕೆ ಬಣ್ಣ ಬಳಿಯುವಾಗ ಬಳಿಯುತ್ತಿರುವುದು ಮೈಸೂರಿನ ಕಥೆಯ ಒಂದು ತುಂಡನ್ನೇ.

ಕೆಲಸ ನಡೆಯುವ ಬಗೆ ಹೀಗೆ. ಮೊದಲು ಬೊಂಬೆಯ ಮೈಮೇಲಿನ ಅಚ್ಚಿನ ಗೆರೆಗಳನ್ನು ಚೂಪು ಬ್ಲೇಡಿನಿಂದ ಕೆರೆದು, ಸೋಪುನೀರಿನಲ್ಲಿ ತೊಳೆದು ಒಣಗಿಸಬೇಕು. ಬಣ್ಣ ಹಿಡಿಯಲು ಪ್ರೈಮರ್ ಬೇಕು. ಕಪ್ಪು ಪ್ರೈಮರ್ ಬಳಸುವವರಿಗೆ ಒಂದು ಲಾಭವಿದೆ: ಬೆಲ್ಟಿನ ಅಂಚು, ಕಂಕುಳು, ಟೋಪಿಯ ಕೆಳಗೆ ಕುಂಚ ಮುಟ್ಟದೆ ಬಿಟ್ಟಲ್ಲೆಲ್ಲ ನೆರಳು ತಾನಾಗಿ ಉಳಿಯುತ್ತದೆ. ಹತ್ತು ಹನ್ನೆರಡು ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಎಲ್ಲರಿಗೂ ಮೊದಲು ಕೋಟು, ಆಮೇಲೆ ಷರಾಯಿ, ಆಮೇಲೆ ಮುಖ. ನೀರುನೀರಾದ ಕಂದು ಬಣ್ಣ ಹರಿಯಬಿಟ್ಟರೆ ಅದು ಬಟ್ಟೆಯ ಮಡಿಕೆಗಳಲ್ಲಿ ನಿಂತು ಆಳ ತೋರಿಸುತ್ತದೆ. ಒಣಗಿದ ಮೇಲೆ ಉಬ್ಬಿದ ಜಾಗಗಳಿಗೆ ಮೊದಲು ಬಳಿದ ಬಣ್ಣದ್ದೇ ತಿಳಿಛಾಯೆ. ಕುಂಚ ತೀರಾ ಸಣ್ಣದಿರಬೇಕೆಂದಿಲ್ಲ, ತುದಿ ಚೂಪಾಗಿರಬೇಕು. ಕೂದಲೆಳೆಯಂಥ ಕುಂಚದಲ್ಲಿ ಬಣ್ಣ ಬೊಂಬೆ ಮುಟ್ಟುವ ಮೊದಲೇ ಒಣಗಿಬಿಡುತ್ತದೆ.

ಇದಕ್ಕಿಂತ ಕಷ್ಟದ್ದು ಓದು. ಬ್ರಿಟಿಷ್ ಕಾಲಾಳುಗಳು ಹೆಚ್ಚಾಗಿ ಕೆಂಪು ಕೋಟಿನವರೇ. ರೆಜಿಮೆಂಟಿನ ಗುರುತು ಕಾಲರು ಮತ್ತು ಮುಂಗೈ ಪಟ್ಟಿಯ ಬಣ್ಣದಲ್ಲಿ. 74ನೆಯದಕ್ಕೆ ಬಿಳಿ, ವೆಲ್ಲೆಸ್ಲಿಯ 33ನೆಯದಕ್ಕೆ ಅಲ್ಲೂ ಕೆಂಪೇ. ಟಿಪ್ಪುವಿನ ಸೈನಿಕರ ಅಂಗಿಗೆ ಹುಲಿಪಟ್ಟೆಯ ಬಬ್ರಿ ವಿನ್ಯಾಸ. ಒಂದು ಇಂಚಿನ ಎದೆಯ ಮೇಲೆ ಆ ಪಟ್ಟೆ ಎಳೆಯುವುದು ಕೈಗೆ ದೊಡ್ಡ ಪರೀಕ್ಷೆ. ಆಧಾರ ಬೇಕಿದ್ದವರು ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಬೇಕು. ಅದರ ಪಡುಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನ ಸಾಲುಸಾಲು ಸೈನಿಕರೊಂದಿಗೆ ನಿಂತಿದೆ: ಆನೆಯ ಮೇಲೆ ಹೈದರ್, ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷ್ ಪಡೆಯ ನಾಯಕ ಬೇಲಿ, ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ.

ನಮ್ಮ ಚಿಕ್ಕಬಳ್ಳಾಪುರ ಸೀಮೆಗೆ ಅದಕ್ಕೂ ಹತ್ತಿರದ ವಸ್ತು ಇದೆ. 1791ರ ಶರತ್ಕಾಲದಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೇನೆ ಇಲ್ಲಿನ ಗಿರಿದುರ್ಗಗಳ ಮೇಲೆ ಬಿತ್ತು. ಮೇಜರ್ ಗೌಡಿ ಎಂಬ ಅಧಿಕಾರಿ ನಂದಿಗೆ ಮುತ್ತಿಗೆ ಹಾಕಿದ. 1,478 ಮೀಟರ್ ಎತ್ತರದ ಆ ಕಡಿದಾದ ಬೆಟ್ಟಕ್ಕೆ ದಾರಿ ಕಡಿದು ಫಿರಂಗಿ ಎಳೆಸಿ, ವಾರಗಟ್ಟಲೆ ಗೋಡೆ ಒಡೆದು, ಕೊನೆಗೆ ಅಕ್ಟೋಬರ್ 19ರ ಹೊತ್ತಿಗೆ ಕೋಟೆ ಹಿಡಿದರು. ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ದೃಶ್ಯಗಳನ್ನು ಬರೆದು 1794ರಲ್ಲಿ ಪುಸ್ತಕವಾಗಿಸಿದ. ಚಿಂತಾಮಣಿ ಕಡೆಯ ಅಂಬಾಜಿದುರ್ಗ, ರಹಮಾನ್‌ಗಢ ಬೆಟ್ಟಗಳೂ ಟಿಪ್ಪು ಭದ್ರಪಡಿಸಿದ ಕೋಟೆಗಳೇ. ಆ ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಹಸಿದ ದಂಡಿಗೆ ಧಾನ್ಯ ಹೊತ್ತು ತಂದದ್ದು ಲಂಬಾಣಿಗರ ಎತ್ತುಗಳು. ಮೇಜಿನ ಮೇಲೆ ನಂದಿಯನ್ನು ಕಟ್ಟುವವರು ಆ ಎತ್ತುಗಳನ್ನು ಮರೆಯಬಾರದು. ಅವಿಲ್ಲದೆ ಫಿರಂಗಿ ಕೂಡ ಮುಂದೆ ಹೋಗುತ್ತಿರಲಿಲ್ಲ.

ಆರಂಭಿಸಲು ದುಬಾರಿ ಲೋಹದ ಬೊಂಬೆಗಳೇ ಬೇಕಿಲ್ಲ. 1/72 ಅಳತೆಯ ಪ್ಲಾಸ್ಟಿಕ್ ಸೈನಿಕರು ಸಾಕು. ತಲೆಗೆ ಪೇಟ ಸುತ್ತಲು, ಅಂಗಿಯ ಉದ್ದ ತಿದ್ದಲು ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಆದೀತು. ಬೆಟ್ಟಕ್ಕೆ ಥರ್ಮಕೋಲ್, ನೆಲಕ್ಕೆ ಜರಡಿ ಹಿಡಿದ ಮರಳು, ಬಣ್ಣಕ್ಕೆ ಅಕ್ರಿಲಿಕ್.

ಗೌರಿಬಿದನೂರಿನಿಂದ ಶಿಡ್ಲಘಟ್ಟದವರೆಗೆ ದಸರೆಗೆ ಗೊಂಬೆ ಕೂರಿಸುವ ಮನೆಗಳಿಗೆ ನನ್ನದೊಂದು ಕೋರಿಕೆ. ಪಟ್ಟದ ಗೊಂಬೆ, ಜಂಬೂಸವಾರಿ, ಬ್ಯಾಂಡಿನವರು, ಕುದುರೆ ಸವಾರರು ಎಲ್ಲರೂ ನಿಮ್ಮಲ್ಲಿದ್ದಾರೆ. ಪುಟ್ಟ ಸೇನೆ ನಿಲ್ಲಿಸುವ ಕೈ ನಿಮಗೆ ಹೊಸದಲ್ಲ. ಈ ಸಲ ಕೆಳಗಿನ ಮೆಟ್ಟಿಲಲ್ಲಿ ಒಂದು ನಂದಿದುರ್ಗ ಕಟ್ಟಿ. ಕೋಟೆ ಕಾದವರನ್ನೂ ಮುತ್ತಿದವರನ್ನೂ ನಿಲ್ಲಿಸಿ, ಯಾರು ಯಾವ ಬಟ್ಟೆ ತೊಟ್ಟಿದ್ದರೆಂದು ಮಕ್ಕಳಿಂದಲೇ ಹುಡುಕಿಸಿ. ನವರಾತ್ರಿ ಮುಗಿಯುವ ಮೊದಲು ಅವರನ್ನು ನಿಜವಾದ ಬೆಟ್ಟಕ್ಕೂ ಹತ್ತಿಸಿ.