ಹಿಗ್ಗುವ ಉಡುಪೂ ಬಿಸಿನೀರೂ

ಬಟ್ಟೆ ಒಗೆಯುವುದಕ್ಕೆ ವಿದ್ಯೆಯೇನು ಬೇಕು, ತೋಳಿನಲ್ಲಿ ಬಲವಿದ್ದರೆ ಸಾಲದೇ ಎಂದು ಕೇಳುವವರುಂಟು. ಹತ್ತಿಯ ಬಟ್ಟೆಯನ್ನೇ ಹೆಚ್ಚಾಗಿ ಉಡುತ್ತಿದ್ದ ಕಾಲದಲ್ಲಿ ಈ ಮಾತು ಸ್ವಲ್ಪಮಟ್ಟಿಗೆ ಸಲ್ಲುತ್ತಿತ್ತು. ಈಗಲಾದರೋ ನಮ್ಮ ಬಾಲಿಕೆಯರು ಆಟದ ಬೈಲಿನಲ್ಲಿ ತೊಡುವ ಅಂಗಿ, ಮೈಗೆ ಬಿಗಿಯಾಗಿ ಕೂಡುವ ಷರಾಯಿ, ಈಜುವಾಗ ಧರಿಸುವ ಉಡುಪು ಇವೆಲ್ಲ ಬಹುಮಟ್ಟಿಗೆ ರಸಾಯನಶಾಸ್ತ್ರದ ಬಲದಿಂದ ಹುಟ್ಟಿದ ನೂಲಿನವು. ಇವುಗಳ ಸ್ವಭಾವವನ್ನು ಅರಿಯದೆ ಒಗೆದರೆ ಒಂದೇ ಗಳಿಗೆಯಲ್ಲಿ ನಷ್ಟವುಂಟಾಗುವುದು.

ನಮ್ಮ ಮನೆಯಲ್ಲಿಯೇ ಹೀಗೆ ನಡೆಯಿತು. ನಮ್ಮ ಹುಡುಗಿಯೊಬ್ಬಳು ಥ್ರೋಬಾಲ್ ತಂಡಕ್ಕೆ ಆರಿಸಲ್ಪಟ್ಟು ಹೊಸ ಉಡುಪನ್ನು ತಂದಿದ್ದಳು. ಪಂದ್ಯಕ್ಕೆ ಎರಡು ದಿನ ಉಳಿದಿರುವಾಗ ಅವಳ ಅಜ್ಜಿಯವರು, ಮೊಮ್ಮಗಳ ಬಟ್ಟೆ ಶುಭ್ರವಾಗಿರಲೆಂದು, ಅದನ್ನು ಹಂಡೆಯ ಕುದಿನೀರಿನಲ್ಲಿ ಸೋಡದೊಡನೆ ನೆನೆಯಿಟ್ಟು, ಬಲವಾಗಿ ಹಿಂಡಿ, ಬಿಸಿಲಿಗೆ ಹರವಿದರು. ಸಂಜೆ ನೋಡಿದರೆ ಅಂಗಿಯ ತುಂಬ ಮಡತೆಗಳು. ಷರಾಯಿಯು ಎರಡು ಬೆರಳಷ್ಟು ಗಿಡ್ಡ. ಅದರ ಸೊಂಟದ ಪಟ್ಟಿಯು ಜೋಲು. ಹುಡುಗಿಯು ದುಃಖದಿಂದ ಅಜ್ಜಿಗೆ ಆಡಬಾರದ ಮಾತನ್ನಾಡಿದಳು. ಅಜ್ಜಿಯವರು ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಅಜ್ಜಿಯವರ ತಪ್ಪೇನು? ಹತ್ತಿಯ ಎಳೆಯು ಕುದಿನೀರನ್ನೂ ಉಬ್ಬೆಯ ಹಬೆಯನ್ನೂ ತಾಳಬಲ್ಲದು. ಅವರು ಕಲಿತ ರೀತಿಯು ಹತ್ತಿಗೆ ಸರಿಯಾದುದೇ. ಹೊಸ ನೂಲುಗಳ ಸಂಗತಿಯಾದರೋ ಬೇರೆ. ನೈಲಾನನ್ನು ಅಮೇರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ವಾಲೇಸ್ ಕರಾದರ್ಸರು 1935ರಲ್ಲಿ ಕಂಡುಹಿಡಿದರು. ಪಾಲಿಯೆಸ್ಟರಿನ ಎಳೆಯನ್ನು ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು 1941ರಲ್ಲಿ ಮಾಡಿದರು. ಎಳೆದರೆ ತನ್ನ ಉದ್ದದ ಐದು ಪಾಲಿಗೂ ಹಿಗ್ಗಿ ಮತ್ತೆ ಕುಗ್ಗುವ ಸ್ಪಾಂಡೆಕ್ಸ್ ನೂಲನ್ನು ಡ್ಯುಪಾಂಟಿನವರೇ ಆದ ಜೋಸೆಫ್ ಶಿವರ್ಸರು 1958ರಲ್ಲಿ ಸಿದ್ಧಪಡಿಸಿದರು. ಲೈಕ್ರಾ ಎಂಬುದು ಇದರ ಒಂದು ವ್ಯಾಪಾರದ ಹೆಸರು. ಇದನ್ನು ಹತ್ತಿ, ನೈಲಾನು ಅಥವಾ ಪಾಲಿಯೆಸ್ಟರಿನೊಡನೆ ಸ್ವಲ್ಪವಾಗಿ ಸೇರಿಸಿ ಹೆಣೆಯುತ್ತಾರೆ.

ಅರಗಿನ ಬಳೆಯನ್ನು ಮಾಡುವವರನ್ನು ನಮ್ಮ ವಾಚಕಿಯರಲ್ಲಿ ಕೆಲವರು ನೋಡಿರಬಹುದು. ಕಾಯಿಸಿದ ಅರಗು ಮೆತ್ತಗಾಗುವುದು, ಬಾಗಿಸಿದಂತೆ ಬಾಗುವುದು, ಆರಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುವುದು. ನೈಲಾನು ಪಾಲಿಯೆಸ್ಟರುಗಳ ಗುಣವೂ ಹೆಚ್ಚುಕಡಿಮೆ ಹೀಗೆಯೇ. ನೈಲಾನಿನಲ್ಲಿ ಸುಮಾರು 50 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಪಾಲಿಯೆಸ್ಟರಿನಲ್ಲಿ ಸುಮಾರು 70-80 ಡಿಗ್ರಿಯಲ್ಲಿ ಒಳಗಿನ ಅಣುಸರಪಣಿಗಳು ಸಡಿಲಗೊಳ್ಳತೊಡಗುವುವು. ಆಗ ಹಿಂಡಿದರೆ, ಹಿಂಡಿದ ಮಡತೆಯೊಡನೆಯೇ ಬಟ್ಟೆಯು ಆರುವುದು. ಸ್ಪಾಂಡೆಕ್ಸಿನ ಸರಪಣಿಯಲ್ಲಿ ಮೆತ್ತನೆಯ ತುಂಡುಗಳೂ ಗಡುಸಾದ ತುಂಡುಗಳೂ ಒಂದರ ತರುವಾಯ ಒಂದಾಗಿ ಇರುವುವು. ಮೆತ್ತನೆಯದು ಹಿಗ್ಗುವುದು, ಗಡುಸಾದದ್ದು ಗಂಟಿನಂತೆ ಹಿಡಿದು ಹಿಂದಕ್ಕೆ ತರುವುದು. ಅತಿಯಾದ ಕಾವು, ತೀಕ್ಷ್ಣವಾದ ಕ್ಷಾರ, ಕ್ಲೋರಿನ್ ಸೇರಿದ ಬಿಳುಪಿನ ಪುಡಿ ಇವುಗಳಿಂದ ಈ ಸರಪಣಿಯು ತುಂಡಾದರೆ ಮನೆಯಲ್ಲಿ ಅದನ್ನು ಕೂಡಿಸುವ ಉಪಾಯವಿಲ್ಲ.

ಆದಕಾರಣ ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ. ಬಟ್ಟೆಯ ಮೇಲೆ 10 ಸೆಂಟಿಮೀಟರು ಅಂತರದಲ್ಲಿ ಎರಡು ಗುರುತುಗಳನ್ನು ಮಾಡಿ, ಮೆಲ್ಲನೆ 13ರವರೆಗೆ ಎಳೆದು ಬಿಡಿರಿ. ಗುರುತುಗಳು ಮೊದಲಿನ ಸ್ಥಳಕ್ಕೆ ಬಂದರೆ ನೂಲು ಜೀವದಿಂದಿದೆ. ಹಿಂದಿರುಗದೆ ಜೋತು ನಿಂತರೆ, ಇಲ್ಲವೆ ತುಂಡಾದ ಸಣ್ಣ ಎಳೆಗಳು ಕೂದಲಿನಂತೆ ಹೊರಗೆ ಇಣುಕಿದರೆ, ಆ ಭಾಗದ ಶಕ್ತಿ ಹೋಯಿತೆಂದು ತಿಳಿಯಬೇಕು.

ಮಡತೆ ಬಿದ್ದ ಅಂಗಿಗೆ ಕಾವೇ ಮದ್ದು. ಅದನ್ನು ಒದ್ದೆಮಾಡಿ ಸಮತಲವಾಗಿ ಹರವಿ, ಮೇಲೆ ತೇವವಾದ ತೆಳು ಹತ್ತಿಬಟ್ಟೆಯನ್ನು ಹಾಸಿ, ಅತ್ಯಂತ ಕಡಮೆ ಕಾವಿನ ಇಸ್ತ್ರಿಯನ್ನು ಎತ್ತಿ ಎತ್ತಿ ಒತ್ತಬೇಕು, ಉಜ್ಜಬಾರದು, ಎಳೆಯಲೂಬಾರದು. ಬಳಿಕ ಪೂರ್ತಿಯಾಗಿ ಆರುವ ತನಕ ಅಲ್ಲಾಡಿಸಬಾರದು. ಅನೇಕರು ಬಿಸಿಯಾಗಿರುವಾಗಲೇ ಮಡಚಿಟ್ಟು, ಮಾಡಿದ ಕೆಲಸವನ್ನು ತಾವೇ ಕೆಡಿಸುವರು.

ಕುಗ್ಗಿದ ಷರಾಯಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ತಲೆಗೂದಲಿಗೆ ಹಚ್ಚುವ ಕಂಡಿಷನರನ್ನು ಒಂದೆರಡು ಚಮಚ ಕದಡಿ, ಅರ್ಧ ಗಂಟೆ ನೆನೆಯಿಡಬೇಕು. ಇದರಿಂದ ಎಳೆಗಳು ಒಂದರ ಮೇಲೊಂದು ಸುಲಭವಾಗಿ ಜಾರುವುವು. ಆಮೇಲೆ ಹಿಂಡದೆ, ಒಣ ಟುವ್ವಾಲಿನಲ್ಲಿ ಸುತ್ತಿ ನೀರನ್ನು ಹೀರಿಸಿ, ಸರಿಯಾದ ಅಳತೆಯ ಬೇರೊಂದು ಉಡುಪನ್ನು ಪಕ್ಕದಲ್ಲಿಟ್ಟುಕೊಂಡು, ಎಲ್ಲ ಕಡೆಗೂ ಸಮನಾಗಿ ಸ್ವಲ್ಪಸ್ವಲ್ಪವೇ ಎಳೆದು, ನೆರಳಿನಲ್ಲಿ ಹಾಸಿ ಒಣಗಿಸಬೇಕು. ಹೆಣಿಗೆಯು ಬಿಗಿದುಕೊಂಡುದರಿಂದ ಕುಗ್ಗಿದ್ದಾದರೆ ಕೆಲವಂಶ ಹಿಂದಕ್ಕೆ ಬರುವುದು. ಎಳೆಯೇ ಕುಗ್ಗಿದ್ದರೆ ಬರಲಾರದು.

ಸೊಂಟದ ಪಟ್ಟಿಯು ಸತ್ತಿದ್ದರೆ ಔಷಧವಿಲ್ಲ, ಸೂಜಿಯುಂಟು. ಪಟ್ಟಿಯ ಒಳಹೊಲಿಗೆಯನ್ನು ಎರಡು ಬೆರಳಗಲ ಬಿಚ್ಚಿ, ಹಳೆಯ ಇಲಾಸ್ಟಿಕ್ಕನ್ನು ತೆಗೆದು, ಹೊಸದರ ತುದಿಗೆ ಪಿನ್ನು ಚುಚ್ಚಿ ತೂರಿಸಿ, ತುದಿಗಳನ್ನು ಕೂಡಿಸಿ ಹೊಲಿದರೆ ಉಡುಪಿಗೆ ಎರಡನೆಯ ಆಯುಸ್ಸು ದೊರೆಯುವುದು.

ಇಷ್ಟೆಲ್ಲ ಶ್ರಮವೂ ಒಂದು ಚಿಕ್ಕ ಚೀಟಿಯನ್ನು ಓದಿದರೆ ತಪ್ಪುವುದು. ಉಡುಪಿನ ಒಳಗೆ ಹೊಲಿದಿರುವ ಚೀಟಿಯಲ್ಲಿ ನೀರಿನ ತೊಟ್ಟಿಯ ಚಿತ್ರವೂ ಅದರೊಳಗೆ 30 ಅಥವಾ 40 ಎಂಬ ಅಂಕೆಯೂ ಇದ್ದರೆ, ಅದಕ್ಕಿಂತ ಹೆಚ್ಚು ಡಿಗ್ರಿಯ ನೀರು ಸಲ್ಲದು. ಇಸ್ತ್ರಿಯ ಚಿತ್ರದಲ್ಲಿ ಒಂದೇ ಚುಕ್ಕೆಯಿದ್ದರೆ ಅತ್ಯಂತ ಕಡಮೆ ಕಾವನ್ನು ಮೀರಬಾರದು. ಅದರ ಮೇಲೆ ಅಡ್ಡಗೆರೆಗಳು ಹಾದಿದ್ದರೆ ಇಸ್ತ್ರಿಯನ್ನೇ ಮುಟ್ಟಿಸಬಾರದು. ಚೀಟಿ ಹರಿದುಹೋಗಿದ್ದರೆ ತಣ್ಣೀರೇ ಕ್ಷೇಮ.

ನಮ್ಮ ಹುಡುಗಿಯ ಅಂಗಿಯು ಬಹುಮಟ್ಟಿಗೆ ನೆಟ್ಟಗಾಯಿತು. ಷರಾಯಿಯು ಒಂದು ಬೆರಳು ಗಿಡ್ಡವಾಗಿಯೇ ಉಳಿಯಿತು. ಹೊಸ ಇಲಾಸ್ಟಿಕ್ಕನ್ನು ಹಾಕಿದವರು ಅಜ್ಜಿಯವರೇ. ಕಣ್ಣು ಮಂಜಾದ ಅವರಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟವಳು ಮೊಮ್ಮಗಳು. ಚೀಟಿಯ ಅಕ್ಷರಗಳು ಬಹಳ ಸಣ್ಣವು. ಅಜ್ಜಿಯವರಿಗೆ ಅವು ಕಾಣವು, ಬಾಲಿಕೆಯರಿಗೆ ಕಾಣುವುವು. ಆದುದರಿಂದ ಪ್ರಿಯ ವಾಚಕಿಯರೇ, ಹೊಸ ಉಡುಪು ಮನೆಗೆ ಬಂದ ದಿನವೇ ಆ ಚೀಟಿಯನ್ನು ಹಿರಿಯರ ಮುಂದೆ ಗಟ್ಟಿಯಾಗಿ ಓದಿರಿ. ಬಟ್ಟೆಯೂ ಉಳಿಯುವುದು, ಬಾಯಿಂದ ಬೀಳುವ ಕಟುವಾದ ಮಾತೂ ತಪ್ಪುವುದು.