ಸಿದ್ಧರಾಮನ ಕೆರೆ ದಂಡೆಯಿಂದ ಮೈಂದರ್ಗಿಗೆ

ಸೊಲ್ಲಾಪುರದ ಎಸ್‌ಟಿ ನಿಲ್ದಾಣದಲ್ಲಿ ಬೋರ್ಡೆಲ್ಲ ಮರಾಠಿ. ಅದರ ಕೆಳಗೆ ಗಂಟು ಇಟ್ಟುಕೊಂಡು ಕೂತ ಮುದುಕಿ ಪಕ್ಕದ ಹುಡುಗನನ್ನು ಕೇಳುತ್ತಿದ್ದಳು: 'ತಮ್ಮಾ, ಮೈಂದರ್ಗಿ ಗಾಡಿ ಹ್ವಾತೇನೊ?' ಆ ಒಂದು ಮಾತಿಗೇ ಊರು ನನ್ನದಾಯಿತು.

ಇದು ವಚನಗಳ ಸೊನ್ನಲಿಗೆ. 12ನೇ ಶತಮಾನದಲ್ಲಿ ವಚನಕಾರ ಸಿದ್ಧರಾಮ ಇಲ್ಲಿ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ. ಕಲ್ಲುಮಣ್ಣಿನ ಕೆಲಸದಲ್ಲೇ ಮುಳುಗಿದ್ದವನನ್ನು ಅಲ್ಲಮ 'ಒಡ್ಡರಾಮ' ಎಂದು ಕೆಣಕಿ ಕಲ್ಯಾಣಕ್ಕೆ ಕರೆದೊಯ್ದ ಕಥೆ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮನ ಮಾತು ದೊಡ್ಡದೇ. ಆದರೆ ಬಿಸಿಲಲ್ಲಿ ಬೆಂದು ಬಂದು, ನೀರಿನ ನಡುವಿನ ಆ ಗುಡಿಯತ್ತ ನಡೆಯುವಾಗ ನನ್ನ ಮನಸ್ಸು ಒಡ್ಡನ ಕಡೆಗೇ ವಾಲಿತು.

ಸಂಕ್ರಾಂತಿಗೆ ಇಲ್ಲಿ ಗಡ್ಡಾ ಜಾತ್ರೆ. ಏಳು ನಂದಿಧ್ವಜ ಹೊತ್ತು 68 ಲಿಂಗಗಳ ಪ್ರದಕ್ಷಿಣೆ. ಮೊದಲ ದಿನ ಲಿಂಗಗಳಿಗೆ ಎಣ್ಣೆಯ ಅಭಿಷೇಕ. ಮರಾಠಿ ಪತ್ರಿಕೆಗಳೂ ಅದನ್ನು 'ಯಣ್ಣಿಮಜ್ಜನ' ಎಂದೇ ಅಚ್ಚು ಹಾಕುತ್ತವೆ. ನಮ್ಮ ಎಣ್ಣೆಮಜ್ಜನ! ಸಿದ್ಧರಾಮನ ಪುರಾಣ ಬರೆದ ಜಯದೇವಿತಾಯಿ ಲಿಗಾಡೆ ಇದೇ ಊರಿನವರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ.

ಮೈಂದರ್ಗಿ ಬಸ್ಸು ಹತ್ತಿದೆ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಭಕ್ತರೆಲ್ಲ ಇಳಿದು ಬಸ್ಸು ಅರ್ಧ ಖಾಲಿಯಾಯಿತು. ಉಳಿದವರದೆಲ್ಲ ಕನ್ನಡವೇ. ಗಡಿ ವಿವಾದದ ಬಗ್ಗೆ 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆ ತಾಲೂಕನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಹೇಳಿತ್ತು. ವರದಿ ಕಾಗದದಲ್ಲೇ ಉಳಿಯಿತು.

ಮೈಂದರ್ಗಿಯಲ್ಲಿ ಪರಿಚಯದವರೊಬ್ಬರ ಮನೆ. 'ಬರ್ರಿ, ಕುಂದರ್ರಿ' ಎಂದ ಅವ್ವ ತಟ್ಟೆಗೆ ಎರಡು ಕಡಕ್ ರೊಟ್ಟಿ ಇಟ್ಟರು. ಹಪ್ಪಳದ ಹಾಗೆ ತೆಳ್ಳಗೆ, ಅಂಚು ಮೇಲೆದ್ದು, ಅಲ್ಲಲ್ಲಿ ಹೆಂಚಿನ ಕಂದು ಚುಕ್ಕೆ. ಪಕ್ಕದಲ್ಲಿ ಶೇಂಗಾ ಹಿಂಡಿ. ಒರಳಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿದ್ದು, ಬೆರಳಿಗೆ ಅಂಟುತ್ತಿತ್ತು. ಮೇಲೆ ಗಟ್ಟಿ ಮೊಸರು ಹಾಕಿ, ರೊಟ್ಟಿ ಮುರಿದು ತಿಂದೆ.

ಮೂಲೆಯಲ್ಲಿ ಮೊಮ್ಮಗಳು ಕನ್ನಡ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಪುಸ್ತಕ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯದು, ಅಕ್ಷರ ನಮ್ಮದು. ಇಲ್ಲಿನ ಕನ್ನಡ ಶಾಲೆಗಳು ಉಳಿಯಬೇಕು. ಇದನ್ನು ಬೆಂಗಳೂರಿನ ಸಭೆಗಳಲ್ಲಿ ಹೇಳುವುದಕ್ಕಿಂತ ಇಲ್ಲಿಗೆ ಬಂದು ಆ ದನಿ ಕೇಳಬೇಕು. ಓದು ಮುಗಿಸಿದ ಹುಡುಗಿ ಚೀಲದಿಂದ ಮರಾಠಿ ವಹಿ ತೆಗೆದಳು. ಬರೆಯುತ್ತ ತಲೆಯೆತ್ತಿ ಕೇಳಿದಳು: 'ಕಾಕಾ, ನಿಮ್ಮೂರ ಸಾಲ್ಯಾಗ ಮರಾಠಿ ಕಲಸ್ತಾರೇನ್ರಿ?'