ಭರಣಿಗೆ ಮುನ್ನವೇ ಸಜ್ಜಾಗಲಿ ಕಾಫಿನಾಡು

ಬೇಸಿಗೆಯ ಮೊದಲ ಮಳೆಗಾಗಿ ಕಾಫಿನಾಡಿನಷ್ಟು ಆತಂಕದಿಂದ ಕಾಯುವ ಸೀಮೆ ರಾಜ್ಯದಲ್ಲಿ ವಿರಳ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಯಾವುದಾದರೊಂದು ಸಂಜೆ ಒಂದಿಂಚು ಮಳೆ ಸುರಿದರೆ 8–10 ದಿನಗಳಲ್ಲಿ ತೋಟಗಳೆಲ್ಲ ಹೂವಿನಿಂದ ಬೆಳ್ಳಗಾಗುತ್ತವೆ. ಎರಡು–ಮೂರು ವಾರಗಳ ಬಳಿಕ ಮತ್ತೊಂದು ಹದಮಳೆಯಾದರೆ ಕಾಯಿ ಕಚ್ಚುತ್ತದೆ. ಬೆಳೆಗಾರನ ವರ್ಷದ ಆದಾಯ ನಿಂತಿರುವುದೇ ಈ ಎರಡು ಮಳೆಗಳ ಮೇಲೆ. ಆದ್ದರಿಂದಲೇ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಜನರಿಗೆ ಬೇಸಿಗೆಯ ಮಳೆಯನ್ನು ಅನಾಹುತವೆಂದು ಕರೆಯಲು ಸುಲಭವಾಗಿ ಮನಸ್ಸು ಬಾರದು.

ಆದರೆ ಹೊತ್ತು ತಪ್ಪಿದರೆ ಅದೇ ಮಳೆ ಶತ್ರುವಾಗುತ್ತದೆ. ಹೂ ಅರಳಿದ ದಿನವೇ ಮಳೆ ಬಡಿದರೆ ಪರಾಗ ತೊಳೆದುಹೋಗುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿಗಟ್ಟಬಲ್ಲದು. ರೊಬಸ್ಟಾಗೆ ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನ್ನೊಣವೋ ತರಬೇಕು. ಆಲಿಕಲ್ಲು ಎಳೆಗಾಯಿಯನ್ನು ಉದುರಿಸುತ್ತದೆ. ಬಿರುಗಾಳಿಗೆ ನೆರಳಿನ ಮರವೊಂದು ಉರುಳಿದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಡಿಯ ಕಾಫಿ ಗಿಡ, ಪಕ್ಕದ ವಿದ್ಯುತ್ ತಂತಿ ಎಲ್ಲವೂ ಒಟ್ಟಿಗೆ ನೆಲ ಕಚ್ಚುತ್ತವೆ.

ಕಾದ ನೆಲದ ಮೇಲಿನ ಬಿಸಿಗಾಳಿ ಮೇಲೇರುವಾಗ ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತಿ ಬಂದರೆ ಮಧ್ಯಾಹ್ನದ ಬಳಿಕ ಗುಡುಗಿನ ಮೋಡಗಳು ಕಟ್ಟುತ್ತವೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಭೂಮಿ ಬಿಸಿಯಾದಂತೆ ಮಳೆ ಬಿರುಸಾಗುವುದಕ್ಕೆ ಇದೂ ಒಂದು ಕಾರಣ. ಬಿರುಸಿನ ಮಳೆ ಇಳಿಜಾರಿನ ನೆಲದಲ್ಲಿ ಇಂಗುವುದಿಲ್ಲ. ಮೇಲ್ಮಣ್ಣನ್ನು ಹೊತ್ತು ಹಳ್ಳಕ್ಕೆ ಓಡುತ್ತದೆ. ಮೋರಿ ಕಟ್ಟಿಕೊಂಡಿದ್ದರೆ ರಸ್ತೆಯೇ ಹಳ್ಳವಾಗುತ್ತದೆ.

ನಮ್ಮ ಸಿದ್ಧತೆಯ ಲೆಕ್ಕವೆಲ್ಲ ಇಂದಿಗೂ ಜೂನ್ ಒಂದನ್ನು ನಂಬಿದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಯೊಂದಿಗೆ ಮಲೆನಾಡನ್ನೂ ತೋಯಿಸಿತು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳ ತಲುಪಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಹೂಮಳೆಗೂ ಮುಂಗಾರಿಗೂ ನಡುವೆ ಸಿಗುವ ಬಿಡುವಿನಲ್ಲಿ ತೋಟದವರು ಮರಗಸಿ ಮುಗಿಸಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಮಳೆ ಹೀಗೆ ಮುಂದಾಗಿ ಬಂದರೆ ಆ ಬಿಡುವೇ ಉಳಿಯದು. ಮೇ ತಿಂಗಳಲ್ಲೇ ನೆನೆದ ಗುಡ್ಡ ಮುಂಗಾರಿನ ನೀರನ್ನು ತಾಳಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದುದನ್ನು ಕಂಡವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಿಲ್ಲ.

ಪರಿಹಾರದ ನಿಯಮಗಳಿಗೂ ಈ ಮಳೆಯ ಸ್ವಭಾವ ಅರ್ಥವಾಗಿಲ್ಲ. ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿ ಕನಿಷ್ಠ ಶೇ 33 ಬೆಳೆನಷ್ಟವನ್ನು ಕೇಳುತ್ತದೆ. ಮುರಿದ ಮರವನ್ನು ಎಣಿಸಬಹುದು. ಏಪ್ರಿಲ್‌ನಲ್ಲಿ ತೊಳೆದುಹೋದ ಪರಾಗವನ್ನು ಎಣಿಸುವವರಾರು? ಆ ನಷ್ಟ ಪೂರ್ತಿಯಾಗಿ ತಿಳಿಯುವುದು ಡಿಸೆಂಬರ್‌ನ ಕೊಯ್ಲಿನಲ್ಲಿ. ಅಷ್ಟರಲ್ಲಿ ಸಮೀಕ್ಷೆಯ ಕಡತ ಮುಚ್ಚಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳನ್ನು ಸ್ಥಾಪಿಸಿದೆ. ಯಾವ ದಿನ, ಯಾವ ಹೊತ್ತಿನಲ್ಲಿ ಎಷ್ಟು ಮಳೆಯಾಯಿತೆಂಬ ಆ ದಾಖಲೆಯನ್ನೇ ಹೂನಷ್ಟಕ್ಕೆ ಸಾಕ್ಷ್ಯವಾಗಿ ಪರಿಗಣಿಸಬಾರದೇಕೆ?

ಮೋರಿ–ಚರಂಡಿಗಳ ಹೂಳೆತ್ತುವುದು, ತಂತಿಗೆ ತಾಗುವ ಕೊಂಬೆ ಕಡಿಯುವುದು, ಶಿಥಿಲ ಕಾಲುಸಂಕಗಳನ್ನು ದುರಸ್ತಿ ಮಾಡುವುದು ಏಪ್ರಿಲ್ ಮಧ್ಯದೊಳಗೆ ಮುಗಿಯಬೇಕು. ಇದು ಸರ್ಕಾರವೊಂದರ ಹೊಣೆಯೂ ಅಲ್ಲ. ತೊಟ್ಟಿಲು ಗುಂಡಿಗಳನ್ನು ತೆಗೆದು ನೀರು ಇಂಗಿಸುತ್ತಿದ್ದ ಹಿರಿಯರ ಪದ್ಧತಿಯನ್ನು ಬೆಳೆಗಾರರು ಕೈಬಿಡಬಾರದು. ಮನೆ, ರಸ್ತೆಗಳಿಗಾಗಿ ಗುಡ್ಡವನ್ನು ನೆಟ್ಟಗೆ ಸೀಳುವುದನ್ನು ನಿಲ್ಲಿಸಬೇಕು.

ಏಪ್ರಿಲ್ ಕೊನೆಯ ವಾರ ಭರಣಿ ಹುಟ್ಟುತ್ತದೆ. ಆ ಮಳೆ ಬಿದ್ದರೆ ಬೆಳೆಗೆ ಬರವಿಲ್ಲವೆಂಬುದು ನಮ್ಮ ರೈತರ ಹಳೆಯ ನಂಬಿಕೆ. ಆ ನಂಬಿಕೆ ಉಳಿಯಬೇಕಾದರೆ ಭರಣಿಯ ಮೊದಲ ಗುಡುಗಿಗೆ ಮುನ್ನವೇ ನೀರಿನ ದಾರಿಗಳು ತೆರವಾಗಿರಬೇಕು.